ಬಂದು ಹೋಗುವವನ ಕಾಯಕ

ಶರಣರ ವಚನಗಳನ್ನು ಓದುವವರಿಗೆ 'ಸ್ಥಾವರ' ಮತ್ತು 'ಜಂಗಮ' ಎಂಬ ಎರಡು ಪದಗಳು ಮತ್ತೆ ಮತ್ತೆ ಎದುರಾಗುತ್ತವೆ. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ ಎಂಬುದು ನಿಘಂಟಿನ ಅರ್ಥ. ಅಷ್ಟಕ್ಕೇ ನಿಂತುಬಿಟ್ಟರೆ ಊರೂರು ತಿರುಗುವವರೆಲ್ಲರೂ ಜಂಗಮರೆನಿಸಿಕೊಳ್ಳಬೇಕಾಗುತ್ತದೆ. ಶರಣರ ಅಭಿಪ್ರಾಯ ಅದಲ್ಲ. ತಾನು ಕಟ್ಟಿದುದರ ಮೇಲೆ ತನ್ನ ಹೆಸರನ್ನು ಕೆತ್ತಿಸಿ, ಅದಕ್ಕೇ ಅಂಟಿಕೊಂಡು ಕೂಡುವ ಮನಸ್ಸು ಸ್ಥಾವರ. ಅರಿವನ್ನು ಹೊತ್ತು ತಂದು, ಅದನ್ನು ಹಂಚಿ, ಯಾವುದನ್ನೂ ತನ್ನದೆನ್ನದೆ ಮುಂದೆ ಸಾಗುವ ಮನಸ್ಸು ಜಂಗಮ. ಕಾಲು ಚಲಿಸುತ್ತಿದ್ದರೂ ಮನಸ್ಸು ಸ್ಥಾವರವಾಗಿರಬಹುದು. ಒಂದೇ ಊರಿನಲ್ಲಿ ನೆಲೆ ನಿಂತವನ ಮನಸ್ಸೂ ಜಂಗಮವಾಗಿರಬಹುದು.

ಈ ವ್ಯತ್ಯಾಸವನ್ನು ನಾನು ಗ್ರಂಥಗಳಿಂದ ತಿಳಿದುಕೊಂಡದ್ದಕ್ಕಿಂತ ಹೆಚ್ಚಾಗಿ ನನ್ನ ಉದ್ಯೋಗದಿಂದ ತಿಳಿದುಕೊಂಡೆನೆಂದು ಹೇಳಬೇಕು. ಎರಕದ ಕಾರ್ಖಾನೆಗಳಿಗೆ, ಅಂದರೆ ಫೌಂಡ್ರಿಗಳಿಗೆ, ಯೋಜನಾ ಸಲಹೆಗಾರನಾಗಿ ದುಡಿಯುವುದು ನನ್ನ ವೃತ್ತಿ. ನಮ್ಮ ಬೆಳಗಾವಿಯ ಉದ್ಯಮಬಾಗ ಮತ್ತು ಮಚ್ಛೆಯ ಕೈಗಾರಿಕಾ ಪ್ರದೇಶಗಳನ್ನು ಬಲ್ಲವರಿಗೆ ಎರಕದ ಕೆಲಸ ಹೊಸದಲ್ಲ. ಇಲ್ಲಿಂದ ಕೊಲ್ಲಾಪುರ, ಕೊಯಮತ್ತೂರು, ರಾಜಕೋಟ, ಹೌರಾ, ಹೀಗೆ ಎಲ್ಲೆಲ್ಲಿ ಕಬ್ಬಿಣ ಕರಗುತ್ತದೆಯೋ ಅಲ್ಲಿಗೆಲ್ಲ ಹೋಗಬೇಕಾಗುತ್ತದೆ. ಹೊಸ ಕುಲುಮೆ ಹಾಕಿಸುವುದು, ಮರಳು ಸಿದ್ಧಪಡಿಸುವ ಘಟಕವನ್ನು ನಿಲ್ಲಿಸುವುದು, ಕೆಟ್ಟುಹೋಗುವ ಎರಕದ ಪ್ರಮಾಣವನ್ನು ತಗ್ಗಿಸುವುದು ಇವು ನನಗೆ ಒಪ್ಪಿಸಲಾಗುವ ಕೆಲಸಗಳು. ತಿಂಗಳಿನ ಇಪ್ಪತ್ತು ದಿನಗಳು ಪರಸ್ಥಳದಲ್ಲಿಯೇ ಕಳೆಯುತ್ತವೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಠದ ಶಿವಾನುಭವ ಗೋಷ್ಠಿಯಲ್ಲಿ ಕಾಯಕದ ವಿಷಯವಾಗಿ ಮಾತು ನಡೆದಿತ್ತು. ವಯೋವೃದ್ಧರೊಬ್ಬರು ನನ್ನತ್ತ ತಿರುಗಿ, "ತಮ್ಮಾ, ಮಡಿವಾಳ ಮಾಚಯ್ಯನವರು ಅರಿವಿ ಒಗೀತಿದ್ರು, ನುಲಿಯ ಚಂದಯ್ಯನವರು ಹಗ್ಗಾ ಹೊಸೀತಿದ್ರು. ನೀ ಏನ್ ಮಾಡ್ತಿ? ಊರೂರು ಹೋಗಿ ಬರೇ ಮಾತ ಮಾರ್ತಿ. ಇದಕ್ಕ ಕಾಯಕ ಅನಬೇಕೇನು?" ಎಂದು ಕೇಳಿದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾದ ಜಿಜ್ಞಾಸೆಯಿತ್ತು. ನುಡಿದಂತೆ ನಡೆಯದವನನ್ನು ಶರಣರು ಎಷ್ಟು ಕಠಿಣವಾಗಿ ಕಂಡರೆಂಬುದನ್ನು ಬಲ್ಲವರಿಗೆ ಆ ಪ್ರಶ್ನೆಯ ತೂಕ ತಿಳಿಯುತ್ತದೆ. ನುಡಿಯನ್ನೇ ಮಾರಿ ಬದುಕುವವನು ಆ ಪರೀಕ್ಷೆಯಲ್ಲಿ ಹೇಗೆ ನಿಲ್ಲಬೇಕು? ಅಂದಿನಿಂದ ಇಂದಿನವರೆಗೆ ನನ್ನ ಪ್ರಯಾಣಗಳಲ್ಲೆಲ್ಲ ಜೊತೆಗಿದ್ದ ಪ್ರಶ್ನೆ ಇದು. ನನಗೆ ಕಂಡಷ್ಟು ಉತ್ತರವನ್ನು ಶರಣ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಮೊದಲನೆಯದಾಗಿ, ಹೇಳುವವನ ಅರಿವು ಮಾಡುವವನ ಕೈಯಿಂದ ಬರಬೇಕು. ನಾನು ಬೆಳೆದದ್ದು ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರದ ಖಾನಾಪುರದಲ್ಲಿ. ಅಲ್ಲಿಯ ಮಣ್ಣು ಹಂಚು ಹಾಗೂ ಮಡಕೆಗಳಿಗೆ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಗ್ರಾಮೀಣ ಕುಂಬಾರಿಕೆಯ ಕೇಂದ್ರೀಯ ಸಂಸ್ಥೆಯನ್ನು ಖಾನಾಪುರದಲ್ಲಿ ತೆರೆದದ್ದೂ ಅಲ್ಲಿಯ ಮಣ್ಣಿಗೆ ಸಂದ ಮಾನವೇ ಸರಿ. ನಮ್ಮ ತಂದೆಯವರು ಹಂಚಿನ ಭಟ್ಟಿಯೊಂದರಲ್ಲಿ ಬೆಂಕಿ ನೋಡುವ ಕೆಲಸದಲ್ಲಿದ್ದರು. ಉಷ್ಣಮಾಪಕವಿಲ್ಲದೆ, ಬೆಂಕಿಯ ಬಣ್ಣವನ್ನು ನೋಡಿಯೇ ಹಂಚು ಬೆಂದಿದೆಯೋ ಇಲ್ಲವೋ ಎಂದು ಹೇಳುತ್ತಿದ್ದರು. ಕುಂಬಾರ ಗುಂಡಯ್ಯನವರ ಕಥೆಯನ್ನು ಮೊದಲು ಕೇಳಿದ್ದು ಅವರ ಬಾಯಿಂದಲೇ. ಗುಂಡಯ್ಯನವರು ಮಡಕೆಯನ್ನು ತಟ್ಟುವ ಸದ್ದಿಗೆ ಶಿವನು ಮನಸೋತು ಕುಣಿದನೆಂಬ ಆ ಕಥೆಯನ್ನು ಹೇಳಿ ಮುಗಿಸಿದಾಗಲೆಲ್ಲ ಅವರು, "ಮಡಿಕಿ ತಟ್ಟಿದರ ಒಳಗಿನ ಬಿರುಕು ತಿಳೀತದ, ಶಿವ ಕೇಳಿದ್ದು ಆ ನಾದ" ಎನ್ನುತ್ತಿದ್ದರು. ಪಂಡಿತರ ವ್ಯಾಖ್ಯಾನಗಳಲ್ಲಿ ಈ ಅರ್ಥ ಇರಲಿಕ್ಕಿಲ್ಲ. ಭಟ್ಟಿಯ ಮುಂದೆ ನಿಂತವರಿಗೆ ಹೊಳೆಯುವ ಅರ್ಥವಿದು.

ಎರಕದ ಕೆಲಸದಲ್ಲಿಯೂ ಹೀಗೆಯೇ ಇದೆ. ಕರಗಿದ ಕಬ್ಬಿಣವನ್ನು ಹೊಯ್ಯುವ ಅಚ್ಚನ್ನು ಮರಳು, ಬೆಂಟೊನೈಟ್ ಜೇಡಿ ಮತ್ತು ನೀರು ಬೆರೆಸಿ ಮಾಡುತ್ತಾರೆ. ನೀರಿನ ಅಂಶ ಸಾಮಾನ್ಯವಾಗಿ ನೂರಕ್ಕೆ 3ರಿಂದ 4ರಷ್ಟು ಇರಬೇಕು. ಹೆಚ್ಚಾದರೆ ಕಾದ ಲೋಹಕ್ಕೆ ಆವಿ ಎದ್ದು ಎರಕದಲ್ಲಿ ಗಾಳಿಗುಳ್ಳೆಗಳು ಬೀಳುತ್ತವೆ. ಕಡಿಮೆಯಾದರೆ ಅಚ್ಚಿನ ಅಂಚು ಉದುರಿ ಮರಳು ಲೋಹದೊಳಗೆ ಸೇರುತ್ತದೆ. ಇದನ್ನು ಅಳೆಯಲು ಯಂತ್ರಗಳಿವೆ, ಅವು ಅವಶ್ಯವೂ ಹೌದು. ಆದರೆ ಮೂವತ್ತು ವರ್ಷ ದುಡಿದ ಮೋಲ್ಡರ್ ಒಬ್ಬನು ಮುಷ್ಟಿಯಲ್ಲಿ ಮರಳನ್ನು ಹಿಡಿದು ಒತ್ತಿ, ಉಂಡೆಯ ಮೇಲೆ ಮೂಡಿದ ಬೆರಳುಗುರುತನ್ನು ನೋಡಿ, ಅದನ್ನು ಎರಡಾಗಿ ಮುರಿದು ಅಂಚನ್ನು ಪರೀಕ್ಷಿಸಿ, "ಇನ್ನೂ ಸ್ವಲ್ಪ ತಿರುಗಲಿ" ಎನ್ನುವಾಗ ಯಂತ್ರವು ಹೇಳದ ಸಂಗತಿಯೊಂದು ಅವನಿಗೆ ತಿಳಿದಿರುತ್ತದೆ. ಯಂತ್ರ ಆ ಕ್ಷಣದ ಮರಳನ್ನು ಅಳೆಯುತ್ತದೆ. ಅವನ ಕೈ ನಿನ್ನೆಯ ಮರಳನ್ನೂ, ಮೊನ್ನೆಯ ಮಳೆಯನ್ನೂ ನೆನಪಿಟ್ಟುಕೊಂಡಿರುತ್ತದೆ.

ಆದುದರಿಂದ ಯಾವುದೇ ಹೊಸ ಕಾರ್ಖಾನೆಗೆ ಹೋದಾಗ ಮೊದಲ ಎರಡು ದಿನ ನಾನು ಸಲಹೆ ಹೇಳುವುದಿಲ್ಲ. ಮೋಲ್ಡರ್‌ಗಳ ಪಕ್ಕದಲ್ಲಿ ನಿಂತು ಮರಳು ಹಿಡಿಯುತ್ತೇನೆ. ಹಣ ಕೊಟ್ಟು ಕರೆಸಿದವರಿಗೆ ಈ ಎರಡು ದಿನಗಳು ವ್ಯರ್ಥವೆನಿಸುವುದುಂಟು. ಆದರೆ ಕಾರ್ಖಾನೆಯ ಬೇನೆಯ ಅರ್ಧದಷ್ಟು ನಿದಾನ ಅಲ್ಲಿಯೇ ದೊರೆಯುತ್ತದೆ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಎದುರು ಹಗ್ಗ ಹೊಸೆಯುವವರೂ, ಬಟ್ಟೆ ಒಗೆಯುವವರೂ, ತೊಗಲು ಹದ ಮಾಡುವವರೂ ಸಮನಾಗಿ ಕುಳಿತು ಮಾತನಾಡಿದರೆಂಬುದನ್ನು ನಾವು ಸಾಮಾಜಿಕ ಸಮಾನತೆಯ ಮಾತಾಗಿ ವಿವರಿಸುತ್ತೇವೆ. ಅದು ಸತ್ಯ. ಅದರೊಂದಿಗೆ ಇನ್ನೊಂದು ಮಾತೂ ಇದೆ. ಕೈಯಲ್ಲಿ ಕೆಲಸವಿದ್ದವರು ಮಾತನಾಡಿದುದರಿಂದಲೇ ಆ ಮಾತುಗಳಿಗೆ ಎಂಟು ನೂರು ವರ್ಷಗಳ ಬಾಳಿಕೆ ಬಂದಿತು.

ಎರಡನೆಯ ಪಾಠವನ್ನು ಕಲಿಸಿದವರು ಆಯ್ದಕ್ಕಿ ಲಕ್ಕಮ್ಮನವರು. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಥೆ ಎಲ್ಲರಿಗೂ ಗೊತ್ತಿರುವಂಥದು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು, ಅದರಿಂದ ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಈ ಆಸೆ ನಮಗೆ ಸಲ್ಲದೆಂದು ಲಕ್ಕಮ್ಮನವರು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳುಹಿಸಿದರು. ಇನ್ನೊಮ್ಮೆ ಮಾರಯ್ಯನವರು ಶರಣರ ಗೋಷ್ಠಿಯಲ್ಲಿ ತನ್ಮಯರಾಗಿ ಕುಳಿತುಬಿಟ್ಟಾಗ, ಕಾಯಕ ನಿಂತಿರುವುದನ್ನು ನೆನಪಿಸಿ ಎಬ್ಬಿಸಿದವರೂ ಅವರೇ. ಇಂದು ಕಚೇರಿಯ ಗೋಡೆಗಳ ಮೇಲೆಲ್ಲ ಬರೆಸಿರುವ ಎರಡು ಪದಗಳ ಪ್ರಸಿದ್ಧ ನುಡಿ ಮಾರಯ್ಯನವರ ವಚನದ್ದೆಂಬುದನ್ನು ಬಲ್ಲವರು ಹಲವರು. ಆ ನುಡಿಯನ್ನು ಮನೆಯಲ್ಲಿ ಕಾಯ್ದವರು ಲಕ್ಕಮ್ಮನವರೆಂಬುದನ್ನು ನೆನೆಯುವವರು ಕಡಿಮೆ.

ಸಲಹೆಗಾರನ ಬದುಕಿನಲ್ಲಿ ಈ ಎರಡೂ ಪ್ರಸಂಗಗಳು ದಿನನಿತ್ಯದವು. ಹತ್ತು ಟನ್ನಿನ ಘಟಕ ಸಾಕಾಗುವಲ್ಲಿ ಇಪ್ಪತ್ತು ಟನ್ನಿನದನ್ನು ಸೂಚಿಸಿದರೆ ಯಂತ್ರ ಮಾರುವವರಿಂದ ಸಲಹೆಗಾರನಿಗೆ ಗುಟ್ಟಾಗಿ ಕಮಿಷನ್ ಬರುತ್ತದೆ. ಇದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಹೆಚ್ಚಾದ ಹತ್ತು ಟನ್ನಿನ ಸಾಲವನ್ನು ಆ ಮಾಲೀಕನು ಹತ್ತು ವರ್ಷ ತೀರಿಸುತ್ತಾನೆ. ಮೂರು ದಿನದಲ್ಲಿ ಮುಗಿಯುವ ಕೆಲಸವನ್ನು ಏಳು ದಿನಕ್ಕೆ ಎಳೆದರೆ ದಿನದ ಲೆಕ್ಕದ ಸಂಭಾವನೆ ಬೆಳೆಯುತ್ತದೆ. ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತು ನಡೆಸುವ ಸಭೆಗಳಂತೂ ಮಾರಯ್ಯನವರ ಗೋಷ್ಠಿಗಿಂತ ದೀರ್ಘವಾದವು; ಅಲ್ಲಿ ಎಬ್ಬಿಸಲು ಲಕ್ಕಮ್ಮನವರಿಲ್ಲ. ಹೀಗಾಗಿ ಕಮಿಷನ್ ಮುಟ್ಟುವುದಿಲ್ಲವೆಂಬುದನ್ನು ನಾನು ಒಪ್ಪಂದದ ಪತ್ರದಲ್ಲಿಯೇ ಬರೆಯುತ್ತೇನೆ. ಕೆಲಸ ಬೇಗ ಮುಗಿದರೆ ಉಳಿದ ದಿನಗಳ ಹಣವನ್ನು ಬಿಡುತ್ತೇನೆ. ಇದರಿಂದ ಕೈತಪ್ಪಿದ ಕೆಲಸಗಳೂ ಇವೆ. ಆದರೆ ತಟ್ಟೆಯಲ್ಲಿರುವ ಅಕ್ಕಿ ನೆಲಕ್ಕೆ ಬಿದ್ದು ಆಯ್ದುದೋ, ಮತ್ತೊಬ್ಬನ ಕಣಜದಿಂದ ಸೋರಿಸಿದುದೋ ಎಂಬ ಸಂಶಯವಿಲ್ಲದೆ ಉಣ್ಣುವುದು ಸಣ್ಣ ಸುಖವಲ್ಲ.

ಮೂರನೆಯ ಸಂಗತಿ ಇವೆರಡಕ್ಕಿಂತ ಗಂಭೀರವಾದುದು. ಎರಕ ಆರಿದ ಮೇಲೆ ಅಚ್ಚನ್ನು ಒಡೆದು ಮರಳನ್ನು ಉದುರಿಸಬೇಕು. ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಧೂಳು ಏಳುವ ಸ್ಥಳಗಳಲ್ಲಿ ಅದು ಒಂದು. ಆ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸಿಲಿಕಾ ಕಣಗಳಿರುತ್ತವೆ. ವರ್ಷಗಟ್ಟಲೆ ಅವು ಶ್ವಾಸಕೋಶದೊಳಗೆ ಸೇರಿದರೆ ಅಲ್ಲಿಯ ಮೃದುವಾದ ಭಾಗ ಗಾಯಗೊಂಡು ಗಡುಸಾಗುತ್ತದೆ. ಮನುಷ್ಯ ಕ್ರಮೇಣ ಉಸಿರಾಡಲಾರದವನಾಗುತ್ತಾನೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ತಡೆಯಬಹುದು, ಆದರೆ ಬಂದ ಮೇಲೆ ಗುಣಪಡಿಸುವ ಔಷಧವಿಲ್ಲ. ಧೂಳನ್ನು ಎದ್ದಲ್ಲಿಯೇ ಹೀರಿಕೊಳ್ಳುವ ಯಂತ್ರವನ್ನು ಕೂಡಿಸುವುದೇ ಇದಕ್ಕೆ ಮುಖ್ಯವಾದ ಪರಿಹಾರ.

ಹೊರರಾಜ್ಯದ ಕಾರ್ಖಾನೆಯೊಂದರಲ್ಲಿ ನಾನು ನಡೆಸಿಕೊಟ್ಟ ಯೋಜನೆಯಲ್ಲಿ ಈ ಯಂತ್ರವೂ ಸೇರಿತ್ತು. ಉಳಿದೆಲ್ಲವೂ ಮುಗಿದರೂ ಅದನ್ನು ಮಾತ್ರ ತರಿಸಿರಲಿಲ್ಲ. ಬ್ಯಾಂಕಿನ ಕೊನೆಯ ಕಂತು ಬಿಡುಗಡೆಯಾಗಲು ಯೋಜನೆ ಸಂಪೂರ್ಣವಾಯಿತೆಂಬ ನನ್ನ ಸಹಿ ಬೇಕಾಗಿತ್ತು. "ಮುಂದಿನ ವರ್ಷ ಹಾಕಿಸುತ್ತೇವೆ, ನೀವು ಈಗ ಸಹಿ ಮಾಡಿ, ನೀವಂತೂ ನಾಳೆ ನಿಮ್ಮೂರಿಗೆ ಹೋಗುವವರು" ಎಂದು ಅಲ್ಲಿಯ ವ್ಯವಸ್ಥಾಪಕರು ಸೌಜನ್ಯದಿಂದಲೇ ಹೇಳಿದರು. ಆ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ನಾಳೆ ಹೋಗುವವನು ನಾನು. ನಾಳೆಯೂ, ನಾಡಿದ್ದೂ ಆ ಧೂಳಿನಲ್ಲಿ ನಿಲ್ಲುವವರು ಬೇರೆಯವರು. ಅವರಲ್ಲಿ ಒಬ್ಬನು ಎರಡು ದಿನ ನನಗೆ ಮರಳು ಹಿಡಿಯುವುದನ್ನು ತೋರಿಸಿಕೊಟ್ಟವನು. ಮಾತಿನ ನಡುವೆ ಆಗಾಗ ಕೆಮ್ಮುತ್ತಿದ್ದವನು. ನಾನು ಸಹಿ ಮಾಡಲಿಲ್ಲ. ಯಾವ ಯಾವ ಕೆಲಸ ಮುಗಿದಿದೆ, ಯಾವುದು ಮುಗಿದಿಲ್ಲ ಎಂಬುದನ್ನು ಇದ್ದಂತೆಯೇ ಬರೆದುಕೊಟ್ಟು ಬಂದೆ. ನನ್ನ ಸಂಭಾವನೆಯ ಕೊನೆಯ ಭಾಗ ಬರಲಿಲ್ಲ. ಅವರ ಪರಿಚಯದ ಬೇರೆ ಎರಡು ಕಾರ್ಖಾನೆಗಳ ಬಾಗಿಲೂ ಮುಚ್ಚಿದವು. ಆ ವರ್ಷ ಮಗಳ ಕಾಲೇಜಿನ ಶುಲ್ಕಕ್ಕಾಗಿ ಸಾಲ ಮಾಡಬೇಕಾಯಿತು. ಏಳೆಂಟು ತಿಂಗಳ ತರುವಾಯ ಧೂಳು ಹೀರುವ ಯಂತ್ರ ಬಂದಿತೆಂದು ಅದೇ ಮೋಲ್ಡರ್ ಫೋನಿನಲ್ಲಿ ತಿಳಿಸಿದನು. ನನ್ನ ನಿರಾಕರಣೆಯಿಂದಲೇ ಬಂದಿತೋ, ಬ್ಯಾಂಕಿನ ಒತ್ತಾಯದಿಂದ ಬಂದಿತೋ ನಾನು ಹೇಳಲಾರೆ. ಬಂದಿತು ಎಂಬುದಷ್ಟೇ ಮುಖ್ಯ.

ಬಂದು ಹೋಗುವವನಿಗೆ ಇರುವ ಅತಿ ದೊಡ್ಡ ಅಪಾಯವೇ ಇದು. ತನ್ನ ಮಾತಿನ ಫಲವನ್ನು ಅವನು ಉಣ್ಣಬೇಕಾಗಿಲ್ಲ. ಶರಣರು ದಯೆಯನ್ನು ಧರ್ಮದ ಬೇರಿನಲ್ಲಿ ಇರಿಸಿದರು. ದಯೆಯೆಂದರೆ ಮರುಗುವುದಷ್ಟೇ ಅಲ್ಲ. ನಾನು ಹೋದ ಮೇಲೆ ಇಲ್ಲಿ ಉಳಿಯುವವನ ಉಸಿರನ್ನು ನನ್ನ ಲೆಕ್ಕದಲ್ಲಿ ಹಿಡಿಯುವುದು.

ಪ್ರಯಾಣದ ಬದುಕಿನಲ್ಲಿ ಪೂಜೆ, ಮನೆ ಇವುಗಳ ಗತಿಯೇನು ಎಂದು ಕೆಲವರು ಕೇಳುತ್ತಾರೆ. ಪೂಜೆಯ ಮಟ್ಟಿಗೆ ಶರಣರು ಪ್ರಯಾಣಿಕರಿಗೆ ಮಹದುಪಕಾರ ಮಾಡಿದ್ದಾರೆ. ಗುಡಿಯನ್ನು ಅರಸಿ ಹೋಗಬೇಕಾಗಿಲ್ಲ; ದೇವನು ಎದೆಯ ಮೇಲೆಯೇ ಇದ್ದಾನೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ ಕೆಳಗಿನ ಬರ್ತಿನಲ್ಲಿ ನಸುಕಿನಲ್ಲೆದ್ದು, ಬಾಟಲಿಯ ನೀರಿನಲ್ಲಿ ಕೈ ತೊಳೆದು, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿ ಇರಿಸಿಕೊಂಡು ಕುಳಿತರೆ ಹತ್ತು ನಿಮಿಷ ಆ ಗಾಡಿಯೇ ಮಠವಾಗುತ್ತದೆ. ಎದುರಿನ ಬರ್ತಿನವರು ಕುತೂಹಲದಿಂದ ಕೇಳಿದರೆ ಎರಡು ಮಾತು ಹೇಳುತ್ತೇನೆ. ಅವಸರದ ದಿನ ಪೂಜೆಯ ಕಾಲ ಕಡಿಮೆಯಾದರೆ ನುಲಿಯ ಚಂದಯ್ಯನವರನ್ನು ನೆನೆಯುತ್ತೇನೆ. ಹುಲ್ಲು ಕೊಯ್ಯುವಾಗ ಲಿಂಗ ಜಾರಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲ. ಕೊನೆಗೆ ಲಿಂಗವೇ ಅವರ ಬೆನ್ನು ಹತ್ತಿತೆಂದು ಶೂನ್ಯಸಂಪಾದನೆ ಹೇಳುತ್ತದೆ. ಲಿಂಗವನ್ನು ಅಲಕ್ಷಿಸಬೇಕೆಂಬುದು ಇದರ ತಾತ್ಪರ್ಯವಲ್ಲ. ದಾಸೋಹಕ್ಕೆಂದು ಮಾಡುವ ಕಾಯಕವನ್ನು ಪೂಜೆಯ ನೆಪದಿಂದ ಕೂಡ ತಪ್ಪಿಸಬಾರದೆಂಬುದು ತಾತ್ಪರ್ಯ.

ಮನೆಯ ಮಾತು ಹಾಗಲ್ಲ. ಅದನ್ನು ಶಿವದಾರದಲ್ಲಿ ಕಟ್ಟಿಕೊಂಡು ತಿರುಗಲಾಗದು. ಖಾನಾಪುರದಲ್ಲಿ ವೃದ್ಧ ತಾಯಿ, ಬೆಳಗಾವಿಯಲ್ಲಿ ಮಕ್ಕಳು, ಇವೆರಡನ್ನೂ ಹೊತ್ತವರು ನನ್ನ ಧರ್ಮಪತ್ನಿ. ಮದುವೆಯಾದ ಹೊಸತರಲ್ಲಿಯೇ ಅವರು ಒಂದು ಕರಾರು ಹಾಕಿದ್ದರು: "ಹೊರಗ ನೀವು ಸಲಹಾ ಕೊಡ್ರಿ. ಮನಿಗೆ ಬಂದಾಗ ಸಲಹಾ ಕೊಡಬ್ಯಾಡ್ರಿ, ಕೆಲಸಾ ಮಾಡ್ರಿ." ಅಂದಿನಿಂದ ಊರಿಗೆ ಬಂದ ದಿನ ಅವ್ವನ ಔಷಧ, ಹಿಟ್ಟಿನ ಗಿರಣಿ, ಮಕ್ಕಳ ಶಾಲೆಯ ಸಭೆ ಇವು ನನ್ನ ಪಾಲು. ಶರಣರಲ್ಲಿ ಹೆಚ್ಚಿನವರು ಸಂಸಾರಿಗಳೆಂಬುದನ್ನು ನಾವು ಮರೆಯಬಾರದು. ಆಯ್ದಕ್ಕಿ ದಂಪತಿಗಳಿರಲಿ, ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿಯರಿರಲಿ, ಅವರ ಸಾಧನೆ ಇಬ್ಬರದಾಗಿತ್ತು. ಹೊರಗೆ ದುಡಿದವನ ಕಾಯಕವನ್ನು ಮಾತ್ರ ಲೆಕ್ಕಿಸಿ, ಮನೆಯನ್ನು ನಡೆಸಿದವರದನ್ನು ಬಿಟ್ಟರೆ ಆ ಲೆಕ್ಕ ಲಕ್ಕಮ್ಮನವರ ಮುಂದೆ ನಿಲ್ಲಲಾರದು.

ಇಷ್ಟಾದರೂ ಹಿರಿಯರ ಪ್ರಶ್ನೆಗೆ ನೇರ ಉತ್ತರ ಉಳಿದೇ ಇದೆ. ಬಂದು ಹೋಗುವವನ ಮಾತು ಕಾಯಕವಾಗುವುದು ಯಾವಾಗ? ಈ ಉತ್ತರ ನನಗೆ ಸ್ಪಷ್ಟವಾದದ್ದು 2020ರಲ್ಲಿ. ಮಾರ್ಚಿಯ ಕೊನೆಗೆ ಲಾಕ್‌ಡೌನ್ ಬಂದು ರೈಲುಗಳು ನಿಂತವು, ಕುಲುಮೆಗಳು ಆರಿದವು. ತಿರುಗುವವನಾದ ನಾನು ತಿಂಗಳುಗಟ್ಟಲೆ ಸ್ಥಾವರನಾದೆ. ಕಾರ್ಖಾನೆಗಳು ಮತ್ತೆ ತೆರೆದಾಗ ಹೋಗಲು ದಾರಿಯಿರಲಿಲ್ಲ. ಆಗ ಒಂದು ಸಂಗತಿ ಕಣ್ಣಿಗೆ ಕಂಡಿತು. ಮಾಲೀಕರಿಗೆ ಮಾತ್ರ ವರದಿ ಒಪ್ಪಿಸಿ ಬಂದಿದ್ದ ಸ್ಥಳಗಳಿಂದ ದಿನಕ್ಕೆ ಹತ್ತು ಕರೆಗಳು ಬಂದವು. ಮೋಲ್ಡರ್‌ಗಳಿಗೂ ಕುಲುಮೆಯವರಿಗೂ ಅವರವರ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿ, ದಿನಚರಿ ಪುಸ್ತಕವನ್ನು ಅವರ ಕೈಯಿಂದಲೇ ಬರೆಸಿದ್ದ ಸ್ಥಳಗಳಿಂದ ಕರೆಗಳು ಬರಲಿಲ್ಲ. ಎರಡು ತಿಂಗಳಾದ ಮೇಲೆ ನಾನೇ ಒಂದು ಕಡೆ ಫೋನ್ ಮಾಡಿ ವಿಚಾರಿಸಿದೆ. "ಏನೂ ತೊಂದ್ರಿ ಇಲ್ರಿ ಸಾಹೇಬ್ರ, ಈಗ ನೀವು ಬರದಿದ್ರೂ ನಡೀತದ" ಎಂದು ಅಲ್ಲಿಯ ಮೇಸ್ತ್ರಿ ಸಂಕೋಚದಿಂದ ಹೇಳಿದನು. ನನಗೆ ಬೇರೆ ಯಾವ ಪ್ರಶಸ್ತಿಯೂ ಅಷ್ಟು ಸಂತೋಷ ಕೊಟ್ಟಿಲ್ಲ.

ಸ್ಥಾವರ ಮನಸ್ಸಿನ ಸಲಹೆಗಾರನು ತನ್ನನ್ನು ಅನಿವಾರ್ಯನನ್ನಾಗಿ ಮಾಡಿಕೊಳ್ಳುತ್ತಾನೆ. ಅರಿವಿನ ಒಂದು ಕೀಲಿಯನ್ನು ತನ್ನ ಕಿಸೆಯಲ್ಲಿಯೇ ಇಟ್ಟುಕೊಂಡು ಹೊರಡುತ್ತಾನೆ. ಜಂಗಮ ಮನಸ್ಸಿನವನು ಕೀಲಿಯನ್ನು ಅಲ್ಲಿಯೇ ಬಿಟ್ಟು ಬರುತ್ತಾನೆ. ಅನ್ನವನ್ನು ಹಂಚುವುದು ದಾಸೋಹವಾದರೆ ಅರಿವನ್ನು ಉಳಿಸಿಕೊಳ್ಳದೆ ಹಂಚುವುದೂ ದಾಸೋಹವೇ.

ನಮ್ಮ ಖಾನಾಪುರ ತಾಲ್ಲೂಕಿನ ಕಕ್ಕೇರಿಗೆ ಹೋದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತೊಗಲಿನ ಕಾಯಕದ ಡೋಹರ ಕಕ್ಕಯ್ಯನವರು ಲಿಂಗೈಕ್ಯರಾದ ಸ್ಥಳವದು. ಬಸವಣ್ಣನವರು ತಮ್ಮ ಬಂಧುವೆಂದು ಹೆಮ್ಮೆಯಿಂದ ಹೇಳಿಕೊಂಡ ಹಿರಿಯರು ಅವರು. ಕಲ್ಯಾಣದಲ್ಲಿ ವಿಪ್ಲವವಾದಾಗ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಚೆನ್ನಬಸವಣ್ಣನವರೊಂದಿಗೆ ಉಳವಿಯತ್ತ ನಡೆದರು; ಬೆನ್ನಟ್ಟಿದ ಸೈನ್ಯವನ್ನು ತಡೆದು ಹೋರಾಡುತ್ತ ಕಕ್ಕಯ್ಯನವರು ಇಲ್ಲಿ ದೇಹವಿಟ್ಟರೆಂಬುದು ಪರಂಪರೆಯ ನಂಬಿಕೆ. ಅವರ ಹೆಸರಿನಲ್ಲಿ ಇಂದು ಉಳಿದಿರುವ ವಚನಗಳು ಬೆರಳೆಣಿಕೆಯಷ್ಟು. ಅವರು ಕಾಯ್ದದ್ದು ಹೆಚ್ಚಾಗಿ ಇತರರ ನುಡಿಗಳನ್ನು. ಆ ನುಡಿಗಳು ತಲುಪಬೇಕಾದಲ್ಲಿಗೆ ತಲುಪಿದವು. ಕಾಯ್ದವರು ದಾರಿಯಲ್ಲಿ ಉಳಿದರು.

ಮುಂದೆ ಅದೇ ನುಡಿಗಳನ್ನು ಹುಡುಕಿಕೊಂಡು ಊರೂರು ಅಲೆದವರು ಫ. ಗು. ಹಳಕಟ್ಟಿಯವರು. ವೃತ್ತಿಯಿಂದ ವಕೀಲರಾದ ಅವರು ಹಳ್ಳಿಗಳ ಮನೆಮಠಗಳಲ್ಲಿ ತಾಡೋಲೆಯ ಕಟ್ಟುಗಳನ್ನು ಅರಸಿ ಸಂಗ್ರಹಿಸಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ನಮ್ಮ ಬೆಳಗಾವಿಯಲ್ಲಿಯೇ ಅಚ್ಚಾಯಿತು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿ, ತಮ್ಮ ಗಳಿಕೆಯೆಲ್ಲವನ್ನೂ ಅದಕ್ಕೇ ಸುರಿದರು. ನಾವಿಂದು ಸುಲಭವಾಗಿ ಪುಟ ತಿರುವಿ ಓದುವ ವಚನಗಳ ಹಿಂದೆ ಎಷ್ಟು ಹಾದಿಯ ಧೂಳಿದೆ ಎಂಬುದನ್ನು ನೆನೆದಾಗ ಪ್ರಯಾಣದ ಆಯಾಸದ ಬಗ್ಗೆ ದೂರಲು ನನ್ನಂಥವನಿಗೆ ನಾಲಿಗೆ ಏಳುವುದಿಲ್ಲ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಗಂಗಾಂಬಿಕೆಯವರು ಐಕ್ಯರಾದ ಎಂ. ಕೆ. ಹುಬ್ಬಳ್ಳಿಯನ್ನು ಹಾಯ್ದು, ಸುಮಾರು 300 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ದಾರಿಯ ಹೊಲಗಳೆಲ್ಲ ಆಕೆಯ ನೀರನ್ನು ಉಣ್ಣುತ್ತವೆ. ಸಂಗಮದ ಆಚೆಗೆ ಆಕೆಯ ಹೆಸರು ಉಳಿಯುವುದಿಲ್ಲ. ಬೆಳೆದ ಬೆಳೆಗೆ ಅದರಿಂದ ಕೊರತೆಯೇನೂ ಆಗಿಲ್ಲ.

ಇಂದು ನಮ್ಮ ಸಮಾಜದ ಅನೇಕ ತರುಣರು ಬೆಂಗಳೂರು, ಪುಣೆ, ಹೊರದೇಶಗಳಲ್ಲಿ ಇಂಥ ತಿರುಗಾಟದ ಉದ್ಯೋಗದಲ್ಲಿದ್ದಾರೆ. ಕೈಯಿಂದ ಏನನ್ನೂ ಮಾಡದ ನಮಗೆ ಕಾಯಕದ ಮಾತು ಸಲ್ಲುತ್ತದೆಯೇ ಎಂದು ಅವರು ಮಠದಲ್ಲಿ ಕೇಳುವುದುಂಟು. ಅವರಿಗೆ ನಾನು ಹೇಳಬಯಸುವುದು ಇಷ್ಟೇ: ಹೋದಲ್ಲಿ ಮೊದಲು ಕೈಯವರಿಂದ ಕಲಿಯಿರಿ, ಅಗತ್ಯಕ್ಕಿಂತ ಹೆಚ್ಚಾದುದನ್ನು ತರಬೇಡಿರಿ, ನೀವು ಹೋದ ಮೇಲೆ ಅಲ್ಲಿ ಉಸಿರಾಡುವವರನ್ನು ನೆನೆದು ಸಹಿ ಮಾಡಿರಿ, ಅರಿತದ್ದನ್ನು ಪೂರ್ತಿಯಾಗಿ ಬಿಟ್ಟು ಬನ್ನಿರಿ. ಇಷ್ಟು ಸಾಧ್ಯವಾದರೆ ನಿಮ್ಮ ಮಾತೂ ಕಾಯಕವೇ.